ಬೆನ್ ಥಾನ್ ಮಾರ್ಕೆಟ್‌ನಲ್ಲಿ ಟವಲ್ ವ್ಯಾಪಾರ: ನನ್ನ ಅನುಭವ

ಚೌಕಾಸಿ ಮಾಡೋಕೆ ಬರದೇ ಇರೋರಿಗೆ ಇದನ್ನ ಬರೀತಿಲ್ಲ. ಅರ್ಧಕ್ಕೆ ಕೇಳೋದು, ಎದ್ದು ಹೊರಟಂಗೆ ಮಾಡೋದು, ಪಕ್ಕದ ಅಂಗಡೀಲಿ ಕಮ್ಮಿ ಅನ್ನೋದು, ಇದೆಲ್ಲ ನಿಮಗೆ ಗೊತ್ತಿರೋದೇ. ನನಗೂ ಗೊತ್ತಿತ್ತು. ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚಿಸ್ತಿದ್ದೀನಿ, ಗೂಡಿನ ಮಾರ್ಕೆಟ್‌ನಲ್ಲಿ ಲಾಟ್ ನೋಡಿ ರೇಟ್ ಹೇಳೋದೇ ನನ್ನ ಕೆಲಸ. ಅಂಥಾ ನಾನೇ ಬ್ಯಾಂಕಾಕ್‌ನಲ್ಲಿ ಒಂದ್ಸಲ, ವಿಯೆಟ್ನಾಂನ ಸೈಗಾನ್‌ನಲ್ಲಿ ಮೊದಲ್ನೇ ದಿನ ಒಂದ್ಸಲ ಸರಿಯಾಗಿ ದುಡ್ಡು ಕಳ್ಕೊಂಡೆ. ಆಮೇಲೆ ನಮ್ಮಪ್ಪ ಘಾಟಿ ದನಗಳ ಜಾತ್ರೇಲಿ ಟವಲ್ ಕೆಳಗೆ ವ್ಯಾಪಾರ ಮಾಡ್ತಿದ್ದ ರೀತೀಲೇ ಮಾಡಿದೆ, ಅದು ಕೆಲಸ ಮಾಡ್ತು. ನಮ್ಮ ಬಾಮೈದ ಹೋಗೋ ಮುಂಚೆನೇ ಹೇಳಿದ್ದ, "ಭಾವ, ಅಲ್ಲಿ ಎಲ್ಲಾ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತಿರ್ತಾರೆ, ನಿಮ್ಮ ಜಾತ್ರೆ ವ್ಯಾಪಾರ ನಡೆಯಲ್ಲ, ಹೇಳಿದ್ರಲ್ಲಿ ಅರ್ಧ ಕೊಟ್ಟು ಬನ್ನಿ" ಅಂತ. ಜೊತೆಗೆ ಬಂದಿದ್ದ ಮೂರು ಮನೆಯೋರೂ ಅದನ್ನೇ ಹೇಳಿದ್ರು. ಅದಕ್ಕೇ ಬರೀತಿದ್ದೀನಿ.

ಮೊದಲು ಬ್ಯಾಂಕಾಕ್ ವಿಷಯ ಹೇಳಿ ಮುಗಿಸ್ಬಿಡ್ತೀನಿ. ಚಾಟುಚಕ್ ಮಾರ್ಕೆಟ್, ಶನಿವಾರ ಭಾನುವಾರ ಸೇರೋದು, ಸಾವಿರಾರು ಅಂಗಡಿ. ಆನೆ ಚಿತ್ರ ಇರೋ ಪ್ಯಾಂಟ್ ಒಂದಕ್ಕೆ 200 ಬಾತ್ ಅಂದ್ರು, 180ಕ್ಕೆ ಇಳಿಸಿದ್ರು, ನಾನು ಐದು ತಗೊಂಡೆ. ನಾಲ್ಕು ಸಾಲು ದಾಟಿ ಹೋದ್ರೆ ಅದೇ ಪ್ಯಾಂಟ್ 100. ಅಲ್ಲಿಗೆ 400 ಬಾತ್ ಹೋಯ್ತು, ಅಂದ್ರೆ ಸಾವಿರ ರೂಪಾಯಿ ಹತ್ರ. ನಾನು ಮಾಡಿದ ತಪ್ಪು ಒಂದೇ, ರೇಟ್ ವಿಚಾರಿಸೋ ಹೊತ್ತು ಬೇರೆ, ಕೊಳ್ಳೋ ಹೊತ್ತು ಬೇರೆ ಅನ್ನೋದನ್ನ ಮರೆತಿದ್ದು. ಗೂಡಿನ ಮಾರ್ಕೆಟ್‌ನಲ್ಲಿ ಒಂದು ಸುತ್ತು ಹಾಕದೆ ನೂಲು ಬಿಚ್ಚಿಸೋ ಯಾವ ರೀಲರ್ ತಾನೇ ಬಾಯಿ ಬಿಡ್ತಾನೆ?

ಇನ್ನು ವಿಯೆಟ್ನಾಂ. 2025ರ ಫೆಬ್ರವರಿ, ಅವರ ಟೆಟ್ ಹಬ್ಬ, ಅಂದ್ರೆ ಹೊಸ ವರ್ಷ, ಮುಗಿದು ಎರಡು ವಾರ ಆಗಿತ್ತು. ಹೋ ಚಿ ಮಿನ್ ಸಿಟಿನ ಅಲ್ಲಿ ಜನ ಈಗಲೂ ಸೈಗಾನ್ ಅಂತಾನೇ ಕರೀತಾರೆ. ಊರ ಮಧ್ಯದಲ್ಲೇ ಬೆನ್ ಥಾನ್ ಮಾರ್ಕೆಟ್, ಮುಂದುಗಡೆ ಗಡಿಯಾರದ ಗೋಪುರ, ಫ್ರೆಂಚರ ಕಾಲದ ಕಟ್ಟಡ, 1914ರದ್ದು. ಒಳಗೆ ಓಣಿ ಎಷ್ಟು ಇಕ್ಕಟ್ಟು ಅಂದ್ರೆ ಒಂದು ಅಂಗಡೀಲಿ ಮಾತಾಡಿದ್ದು ಆ ಕಡೆ ಈ ಕಡೆ ಮೂರು ಅಂಗಡಿಗೆ ಕೇಳುತ್ತೆ. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ದುಡ್ಡಿನ ಲೆಕ್ಕ: ಅವರ ದುಡ್ಡು ಡಾಂಗ್, ಆಗ ಒಂದು ರೂಪಾಯಿಗೆ 290, 300 ಡಾಂಗ್ ಆಸುಪಾಸು ಇತ್ತು. ಮೂರು ಸೊನ್ನೆ ತೆಗೆದು ಮೂರೂಕಾಲು ಮೂರೂವರೆಯಿಂದ ಗುಣಿಸಿದ್ರೆ ನಮ್ಮ ರೂಪಾಯಿ. ಅವರೂ ಸಾವಿರ ಅನ್ನೋದನ್ನ ಬಿಟ್ಟೇ ಹೇಳೋದು, "ಫಿಫ್ಟಿ" ಅಂದ್ರೆ 50,000. ಇಲ್ಲಿ ನನಗೆ ಮೊದಲ ಏಟು ಬಿತ್ತು. 20,000ದ ನೋಟು ನೀಲಿ, 5 ಲಕ್ಷದ ನೋಟೂ ನೀಲಿ ಛಾಯೆಯದ್ದೇ, ಎರಡರಲ್ಲೂ ಹೋ ಚಿ ಮಿನ್ ಮುಖ. ರಾತ್ರಿ ಎಳನೀರಿಗೆ 20,000 ಅಂತ ಕೊಟ್ಟಿದ್ದು 5 ಲಕ್ಷದ ನೋಟು, ರೂಮಿಗೆ ಬಂದು ಎಣಿಸಿದಾಗಲೇ ಗೊತ್ತಾಗಿದ್ದು. 4,80,000 ಡಾಂಗ್, ನಮ್ಮ ದುಡ್ಡಲ್ಲಿ 1,600 ರೂಪಾಯಿ, ಒಂದು ಎಳನೀರಿಗೆ. ಮಾರನೇ ದಿನದಿಂದ ಲಕ್ಷದ ನೋಟೆಲ್ಲ ನನ್ನ ಹೆಂಡತಿ ಹತ್ರ, ಚಿಲ್ಲರೆ ನನ್ನ ಜೇಬಲ್ಲಿ. ಈ ಏರ್ಪಾಡು ಆಮೇಲೆ ವ್ಯಾಪಾರದಲ್ಲೂ ಉಪಯೋಗಕ್ಕೆ ಬಂತು, ಯಾಕಂದ್ರೆ ನನ್ನ ಜೇಬು ತೆಗೆದು ತೋರಿಸಿದ್ರೆ ನಿಜವಾಗ್ಲೂ ಅಷ್ಟೇ ಇರ್ತಿತ್ತು.

ಎರಡನೇ ಏಟು ಬಿದ್ದಿದ್ದು ಬೆನ್ ಥಾನ್ ಒಳಗೇ. ಬೆಳಗ್ಗೆ ಎಂಟು ಗಂಟೆ ಇರಬಹುದು, ಒಬ್ಬಮ್ಮ ಆಗತಾನೇ ಬಟ್ಟೆ ಜೋಡಿಸ್ತಿದ್ದಳು. ಟೀ ಶರ್ಟ್ 3 ಲಕ್ಷ ಅಂದಳು, ನಾನು ಬಾಮೈದ ಹೇಳಿಕೊಟ್ಟಿದ್ದಕ್ಕಿಂತ ಇನ್ನೂ ಕೆಳಗೆ ಹೋಗಿ 80,000 ಅಂದೆ, ಗಟ್ಟಿಯಾಗಿ. ಅವಳು ಕೈಯಿಂದ ಶರ್ಟ್ ಕಿತ್ಕೊಂಡಳು. ನಾನು ಹೊರಟೆ. ನಾಲ್ಕು ಹೆಜ್ಜೆ ಆದ್ಮೇಲೆ ತಿರುಗಿ ನೋಡಿದ್ರೆ ಒಂದು ಕಾಗದ ಹೊತ್ತಿಸಿ ಅಂಗಡಿ ಮುಂದೆ ಆಡಿಸ್ತಾ ಇದ್ದಾಳೆ! ನಮ್ಮ ಜೊತೆ ಇದ್ದೋರು ಏನೋ ಪೂಜೆ ಅಂದ್ಕೊಂಡ್ರು. ನನಗೆ ತಕ್ಷಣ ಹೊಳೀತು, ಇದು ಬೋಣಿ. ಮೊದಲ ಗಿರಾಕಿ ಬರಿಗೈಲಿ ಹೋದ ಅಂತ ದೃಷ್ಟಿ ತೆಗೀತಿದ್ದಾಳೆ. ಹೋಟೆಲ್ ಹುಡುಗೀನ ಕೇಳಿದ್ರೆ ಹೌದು ಅಂದಳು, ಬೋಣಿಗೆ ಅವರಲ್ಲಿ "ಮೋ ಹಾಂಗ್" ಅಂತಾರೆ, ವರ್ಷದ ಶುರುವಿನಲ್ಲಿ ಅದಕ್ಕೆ ಇನ್ನೂ ಮಹತ್ವ ಜಾಸ್ತಿಯಂತೆ. ನಮ್ಮ ಚಿಂತಾಮಣಿ ಸಂತೇಲಿ ಬೆಳಗ್ಗೆ ಬೆಳಗ್ಗೆನೇ ರೇಟ್ ಕೇಳಿ ಸುಮ್ನೆ ಹೋದ್ರೆ ಬೈಸ್ಕೊಳ್ತೀವಿ, ಗೊತ್ತಲ್ಲ. ನನಗೆ ಆ ದಿನ ಪೂರ್ತಿ ಬೇಜಾರಿತ್ತು, ಒಬ್ಬರ ಬೋಣಿ ಕೆಡಿಸಿದ್ದು ಸಣ್ಣ ತಪ್ಪಲ್ಲ.

ಆದ್ರೆ ರಾತ್ರಿ ಮಲಗಿದಾಗ ಇನ್ನೊಂದು ವಿಷಯ ತಲೇಲಿ ಸುತ್ತುತ್ತಿತ್ತು. ಅವಳಿಗೆ ಕೋಪ ಬಂದಿದ್ದು ನಾನು ಹೇಳಿದ ರೇಟಿಗೋ ಅಥವಾ ಗಟ್ಟಿಯಾಗಿ ಹೇಳಿದ್ದಕ್ಕೋ? ಪಕ್ಕದಲ್ಲಿ ಇನ್ನಿಬ್ಬರು ಪ್ರವಾಸಿಗಳು ನಿಂತಿದ್ರು. ಆಚೆ ಅಂಗಡಿಯವಳೂ ನೋಡ್ತಿದ್ದಳು. ನನಗೆ ಇಳಿಸಿದ್ರೆ ಅವರಿಗೂ ಇಳಿಸಬೇಕು, ಆಚೆಯವಳು ರೇಟ್ ಕೆಡಿಸಿದೆ ಅಂತ ಜಗಳಕ್ಕೆ ಬರ್ತಾಳೆ. ಅವಳು ಇಳಿಸ್ಬೇಕು ಅಂದ್ರೂ ಇಳಿಸೋಕಾಗಲ್ಲ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದೋರಿಗೆ ಬಿಡಿಸಿ ಹೇಳ್ಬೇಕಿಲ್ಲ. ಹಳ್ಳಿಕಾರ್ ಜೋಡಿ ಮುಂದೆ ಐವತ್ತು ಜನ ಸುತ್ತ ನಿಂತಿರ್ತಾರೆ, ದಲ್ಲಾಳಿ ಟವಲ್ ಹಾಸಿ ಅದರ ಕೆಳಗೆ ಕೈ ಹಿಡೀತಾನೆ, ಬೆರಳು ಒತ್ತಿ ರೇಟ್ ಹೇಳೋದು, ಬಾಯಿ ಬಿಡೋ ಹಂಗಿಲ್ಲ. ಎಷ್ಟಕ್ಕೆ ಇಳಿದ ಅಂತ ಸುತ್ತ ಇರೋರಿಗೆ ಗೊತ್ತಾಗಲ್ಲ, ಆದ್ರಿಂದ ಮಾರೋನು ಧೈರ್ಯವಾಗಿ ಇಳೀತಾನೆ, ಮರ್ಯಾದೆ ಹೋಗಲ್ಲ. ನಮ್ಮಪ್ಪ ಡಿಸೆಂಬರ್ ಬಂದ್ರೆ ಹೋಗೇ ಹೋಗ್ತಿದ್ರು, ನಾನು ಎಂಟು ಹತ್ತು ವರ್ಷದೋನಿದ್ದಾಗಿಂದ ಪಕ್ಕದಲ್ಲಿ ನಿಂತು ನೋಡಿದ್ದೀನಿ.

ಮಾರನೇ ದಿನ ಬೆನ್ ಥಾನ್‌ಗೆ ಹೋಗಿದ್ದು ಸಾಯಂಕಾಲ, ಬರೀ ವಿಚಾರಿಸೋಕೆ. ಮಾರ್ಕೆಟ್ ಒಳಗೇ ಫಿಕ್ಸೆಡ್ ಪ್ರೈಸ್ ಬೋರ್ಡ್ ಇರೋ ಅಂಗಡಿಗಳೂ ಇವೆ, ಮೊದಲು ಅಲ್ಲಿ ರೇಟ್ ನೋಡಿದೆ, ಆಮೇಲೆ ಗೋಡಂಬಿ, ಕಾಫಿಗೆ ಸೂಪರ್ ಮಾರ್ಕೆಟ್‌ನಲ್ಲಿ ನೋಡಿದೆ. ಅದಕ್ಕಿಂತ ಮೇಲೆ ಕೊಡಬಾರದು ಅನ್ನೋ ಗೆರೆ ಅಲ್ಲಿ ಸಿಕ್ತು. ಕೆಳಗಿನ ಗೆರೆಗೆ ಚೋಲನ್, ಅಂದ್ರೆ ಸೈಗಾನ್‌ನ ಚೀನೀಯರ ಬಡಾವಣೆ, ಆ ಕಡೆ ಬಿನ್ ತಾಯ್ ಮಾರ್ಕೆಟ್‌ಗೆ ಹೋದೆ, ಅದು ಹೋಲ್‌ಸೇಲ್, ಡಜನ್ ಲೆಕ್ಕ, ಒಂದೆರಡು ಪೀಸ್ ಕೇಳಿದ್ರೆ ಮುಖಾನೇ ನೋಡಲ್ಲ. ಡಜನ್ ತಗೊಂಡ್ರೆ ಟೀ ಶರ್ಟ್ ಒಂದಕ್ಕೆ 70,000ದ ಹತ್ರ ಬೀಳ್ತಿತ್ತು ಅಂತ ನೆನಪು. ಹಂಗಿದ್ದ ಮೇಲೆ ಬೆನ್ ಥಾನ್‌ನಲ್ಲಿ 80,000 ಅಂದಿದ್ದು ನನ್ನದೇ ತಪ್ಪು, ಬಾಡಿಗೆ ಕಟ್ಟೋರಿಗೆ ಗಿಟ್ಟಲ್ಲ. 100ರಿಂದ 120 ಸಾವಿರ ನ್ಯಾಯದ ರೇಟು ಅಂತ ಮನಸ್ಸಲ್ಲಿ ಇಟ್ಕೊಂಡೆ.

ಅದರ ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಮೊದಲೇ ಹೋದೆ, ಅದೇ ಓಣಿ, ಬೇರೆ ಅಂಗಡಿ. ಹೆಗಲ ಮೇಲೆ ಊರಿಂದ ತಂದಿದ್ದ ಟವಲ್. "ಚೀ ಓಯ್" ಅಂದೆ, ಅಂದ್ರೆ ಅಕ್ಕಾ ಅಂತ. ಅವರಲ್ಲೂ ನಮ್ಮ ಹಾಗೇ, ಪರಿಚಯ ಇರಲಿ ಬಿಡಲಿ ಅಕ್ಕ ತಂಗಿ ಚಿಕ್ಕಮ್ಮ ಅಂತಲೇ ಕರೆಯೋದು. ಮೇಡಂ ಅಂದ್ರೆ ನೀವು ಪ್ರವಾಸಿ, ಚೀ ಅಂದ್ರೆ ಅರ್ಧ ಮನೆಯೋರು. ಆಮೇಲೆ "ಮೋ ಹಾಂಗ್" ಅಂದು ನನ್ನ ಎದೆ ಮುಟ್ಟಿ ತೋರಿಸಿದೆ, ಬೋಣಿ ನಂದೇ, ಖಂಡಿತ ತಗೊಳ್ತೀನಿ ಅಂತ. ಅವಳ ಮುಖಾನೇ ಬೇರೆ ಆಗೋಯ್ತು.

ಒಂದೊಂದಾಗಿ ರೇಟ್ ಕೇಳಿದೆ, ಚೌಕಾಸಿ ಮಾಡ್ಲಿಲ್ಲ, ಸುಮ್ನೆ ಬರ್ಕೊಂಡೆ. ನಾಲ್ಕು ಟೀ ಶರ್ಟ್ ಒಂದಕ್ಕೆ 3 ಲಕ್ಷ, ಹೆಣ್ಣುಮಕ್ಕಳಿಗೆ ಎರಡು ಆವೊ ಝಾಯ್ (ಅವರ ಸಾಂಪ್ರದಾಯಿಕ ಉದ್ದನೆ ಉಡುಪು) ಒಂದಕ್ಕೆ 9 ಲಕ್ಷ, ಆರು ಸ್ಕಾರ್ಫ್ ಒಂದಕ್ಕೆ ಒಂದೂವರೆ ಲಕ್ಷ. ಒಟ್ಟು 39 ಲಕ್ಷ ಡಾಂಗ್, ನಮ್ಮ 13,000 ರೂಪಾಯಿ. ಎಲ್ಲಾ ಒಟ್ಟಿಗೆ ಗುಡ್ಡೆ ಹಾಕಿ ಒಂದು ಲಾಟ್ ಮಾಡಿದೆ. ಟವಲ್ ತೆಗೆದು ಲಾಟ್ ಮೇಲೆ ಹಾಸಿ, ಅವಳ ಕ್ಯಾಲ್ಕುಲೇಟರ್ ಕೇಳಿ ತಗೊಂಡು ಟವಲ್ ಕೆಳಗೆ 13,00,000 ಒತ್ತಿ ಅವಳಿಗೆ ಮಾತ್ರ ಕಾಣೋ ಹಂಗೆ ತುದಿ ಎತ್ತಿ ತೋರಿಸಿದೆ. ಒಂದೂ ಮಾತಾಡ್ಲಿಲ್ಲ. ಅವಳು ಆಚೆ ಅಂಗಡಿ ಕಡೆ ಒಂದ್ಸಲ ನೋಡಿ ಕ್ಯಾಲ್ಕುಲೇಟರ್ ಟವಲ್ ಕೆಳಗೇ ಎಳ್ಕೊಂಡು 25 ಒತ್ತಿದಳು. ನಾನು 14. ಅವಳು 20. ನಾನು ಒಂದು ಸ್ಕಾರ್ಫ್ ತೆಗೆದು ಪಕ್ಕಕ್ಕಿಟ್ಟು ಮತ್ತೆ 14. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಸ್ಕಾರ್ಫ್ ವಾಪಸ್ ಗುಡ್ಡೆಗೆ ಹಾಕಿ 16 ಒತ್ತಿದಳು. ಅಲ್ಲಿಗೆ ವ್ಯಾಪಾರ ಕುದುರಿತು. 16 ಲಕ್ಷ, ಅಂದ್ರೆ 5,400 ರೂಪಾಯಿ ಆಸುಪಾಸು. ಎರಡೂ ಕೈಲಿ ದುಡ್ಡು ಕೊಟ್ಟೆ, ಅವಳು ಆ ನೋಟು ತಗೊಂಡು ನೇತಾಕಿದ್ದ ಬಟ್ಟೆಗಳಿಗೆಲ್ಲ ತಟ್ಟಿದಳು, ನಮ್ಮೋರು ಬೋಣಿ ದುಡ್ಡು ಕಣ್ಣಿಗೆ ಒತ್ಕೊಳ್ಳಲ್ವಾ, ಹಂಗೇ.

ಅದೇ ಹೊತ್ತಿಗೆ ನಮ್ಮ ಜೊತೆಯೋರು ಎರಡು ಓಣಿ ಆಚೆ ಇಂಥದ್ದೇ ಆವೊ ಝಾಯ್ ಒಂದಕ್ಕೆ 6 ಲಕ್ಷ ಕೊಟ್ಟು ಬಂದಿದ್ರು, ಗಲಾಟೆ ಮಾಡಿ ಇಳಿಸಿದ್ವಿ ಅಂತ ಖುಷಿಯಾಗಿದ್ರು. ನನ್ನ ಲೆಕ್ಕ ಕೇಳಿ ಯಾರೂ ಮೊದಲು ನಂಬಲಿಲ್ಲ. ಮಧ್ಯಾಹ್ನ ಅವರನ್ನ ಕರ್ಕೊಂಡು ಹೋಗಿ ಟೋಪಿ ಅಂಗಡೀಲಿ ಮಾಡಿ ತೋರಿಸಿದೆ, ತಾಳೆಗರಿ ಟೋಪಿ ಒಂದೂವರೆ ಲಕ್ಷ ಹೇಳಿದ್ದು ನಾಲ್ಕು ಸೇರಿಸಿ 2,40,000ಕ್ಕೆ ಬಂತು. ಬೋಣಿ ಹೊತ್ತಲ್ಲದಿದ್ರೂ ಟವಲ್ ಕೆಲಸ ಮಾಡುತ್ತೆ ಅಂತ ಅಲ್ಲಿ ಗೊತ್ತಾಯ್ತು, ಆದ್ರೆ ಇಳಿಯೋದು ನಿಧಾನ.

ಕೆಲಸ ಮಾಡದೇ ಇದ್ದಿದ್ದನ್ನೂ ಹೇಳ್ತೀನಿ. ಊಟದ ಅಂಗಡೀಲಿ, ಹಣ್ಣಿನ ಗಾಡೀಲಿ ಟವಲ್ ತೆಗೆದ್ರೆ ಅರ್ಥಾನೇ ಆಗಲ್ಲ, ಅಲ್ಲಿ ಚೌಕಾಸಿಗೆ ಜಾಗ ಕಮ್ಮಿ. ಮಧ್ಯಾಹ್ನದ ಮೇಲೆ ಪುಟ್ಟ ಹುಡುಗೀರು ಕೂತಿರೋ ಅಂಗಡೀಲಿ ಬೇಡವೇ ಬೇಡ, ಅವರು ಸಂಬಳದೋರು, ಓನರ್ ಹೇಳಿದ ಗೆರೆ ದಾಟೋ ಅಧಿಕಾರ ಅವರಿಗಿಲ್ಲ. ಇನ್ನೊಂದು, ರೇಟ್ ಒಪ್ಕೊಂಡ ಮೇಲೆ ಬೇಡ ಅನ್ನಬಾರದು. ನಮ್ಮ ಗುಂಪಿನ ಒಬ್ಬರು ಹಂಗೆ ಮಾಡಿದ್ರು, ಇಡೀ ಓಣಿ ನಮ್ಮ ಮೇಲೆ ತಿರುಗಿ ಬಿತ್ತು, ಅವತ್ತು ಆ ಕಡೆ ಮತ್ತೆ ಹೋಗೋಕೆ ಆಗಲಿಲ್ಲ. ಜಾತ್ರೇಲಿ ಕೈ ಹಿಡಿದ ಮೇಲೆ ಮಾತು ತಪ್ಪಿದ್ರೆ ಏನಾಗುತ್ತೋ ಅಲ್ಲೂ ಅದೇ.

ಕಾಫೀಲಿ ಸೋತೆ. ಪುನುಗು ಬೆಕ್ಕಿನ ಕಾಫಿ ಅಂತ ಕಾಲು ಕೆಜಿ, 9 ಲಕ್ಷ ಹೇಳಿದ್ದನ್ನ 3 ಲಕ್ಷಕ್ಕೆ ಇಳಿಸಿ ತಂದೆ, ಮನೇಲಿ ಪ್ಯಾಕೆಟ್ ಒಡೆದ್ರೆ ಚಾಕೊಲೇಟ್ ಎಸೆನ್ಸ್ ವಾಸನೆ. ಸಾವಿರ ರೂಪಾಯಿ ನೀರಲ್ಲಿ. ಮಾಲು ಗೊತ್ತಿಲ್ಲದೋನು ಎಷ್ಟು ಇಳಿಸಿದ್ರೂ ನಷ್ಟವೇ.

ಗೊತ್ತಿರೋ ಮಾಲಿನ ವಿಷಯಕ್ಕೆ ಬರ್ತೀನಿ. ಹೋಯ್ ಆನ್ ಅಂತ ಹಳೇ ಊರು, ಯುನೆಸ್ಕೋ ಪಟ್ಟೀಲಿದೆ, ರಸ್ತೆ ತುಂಬಾ ಲಾಟೀನು, ಟೈಲರ್ ಅಂಗಡಿ, ಎಲ್ಲಾ ಕಡೆ 100% ಸಿಲ್ಕ್ ಬೋರ್ಡ್. ಒಂದು ಸ್ಕಾರ್ಫ್ 80,000 ಡಾಂಗ್, ಅಂದ್ರೆ 270 ರೂಪಾಯಿ. ಕೈಲಿ ಹಿಡಿದು ತೂಕ ನೋಡಿದೆ, 60 ಗ್ರಾಂ ಇರಬಹುದು. ಕಚ್ಚಾ ನೂಲಲ್ಲಿರೋ ಗೋಂದು ಹೋದ ಮೇಲೆ 60 ಗ್ರಾಂ ಉಳೀಬೇಕು ಅಂದ್ರೆ 80 ಗ್ರಾಂ ಕಚ್ಚಾ ರೇಷ್ಮೆ ಬೇಕು, ನಮ್ಮಲ್ಲಿ ಕೆಜಿ ನಾಲ್ಕು ಸಾವಿರ ಅಂತ ಹಿಡಿದ್ರೂ ಬರೀ ನೂಲಿಗೇ 320 ರೂಪಾಯಿ. ನೇಯ್ಗೆ ಬಣ್ಣ ಬಾಡಿಗೆ ಆಮೇಲೆ. ಅಸಲೇ ಬರಲ್ಲ ಅಂದ ಮೇಲೆ ಅದು ರೇಷ್ಮೆ ಹೆಂಗಾಗುತ್ತೆ? ಏಳು ಅಂಗಡೀಲಿ ಕೇಳಿ ಚೂರು ದಾರ ಇಸ್ಕೊಂಡು ರೂಮಲ್ಲಿ ಬೆಂಕಿ ತೋರಿಸಿದೆ. ಐದು ಕರಗಿ ಕಪ್ಪು ಗಟ್ಟಿ ಮಣಿ ಆಯ್ತು, ಪಾಲಿಯೆಸ್ಟರ್. ಒಂದು ಮಿಕ್ಸ್. ಒಂದೇ ಒಂದು ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಉಜ್ಜಿದ್ರೆ ಪುಡಿಯಾಯ್ತು. ಆ ಅಂಗಡಿಗೆ ವಾಪಸ್ ಹೋಗಿ, ಅವರು ಹೇಳಿದ ರೇಟಿಗೆ ಜಾಸ್ತಿ ಎಳೆದಾಡದೆ ಎರಡು ತಗೊಂಡೆ. ನಿಯತ್ತಾಗಿ ರೇಷ್ಮೆ ಮಾರೋರ ಹತ್ರ ಟವಲ್ ಹಾಸೋಕೆ ನನಗೆ ಮನಸ್ಸು ಬರಲಿಲ್ಲ.

ಟವಲ್ ಕೆಳಗೆ ಮೊದಲ ನಂಬರ್ ಎಷ್ಟು ಒತ್ತಬೇಕು ಅನ್ನೋದಕ್ಕೆ ನಂದೊಂದು ಲೆಕ್ಕ ಇದೆ, ಅರ್ಧ ಅಂತೂ ಅಲ್ಲ, ಅದನ್ನ ಇಲ್ಲಿ ಬರೆಯಲ್ಲ. ದುಡ್ಡು ಎಣಿಸೋವಾಗ ಮಾಡೋ ಒಂದು ಕೆಲಸಾನೂ ಅಷ್ಟೇ, ಎಲ್ಲರೂ ಮಾಡೋಕೆ ಶುರು ಮಾಡಿದ್ರೆ ನಡೆಯಲ್ಲ. ಒಟ್ಟು ಲೆಕ್ಕ ಹೇಳ್ತೀನಿ: ಆರು ದಿನದಲ್ಲಿ ಬಟ್ಟೆ, ಟೋಪಿ, ಗೋಡಂಬಿ, ಲಾಟೀನು ಎಲ್ಲಾ ಸೇರಿ ಅವರು ಹೇಳಿದ ರೇಟಲ್ಲಿ 31 ಸಾವಿರ ರೂಪಾಯಿ ಆಗ್ತಿತ್ತು, ನಾನು ಕೊಟ್ಟಿದ್ದು 14 ಸಾವಿರದ ಒಳಗೆ. ಎಳನೀರು, ಕಾಫಿ ನಷ್ಟ ಕಳೆದ್ರೂ ಚೆನ್ನಾಗೇ ಉಳೀತು.

ಈಗ ಬಾಮೈದ ಹನೋಯ್‌ಗೆ ಹೊರಟಿದ್ದಾನೆ. ಮೊನ್ನೆ ಮನೆಗೆ ಬಂದು, "ಭಾವ, ಆ ಟವಲ್ ಕೊಡ್ತೀರಾ" ಅಂದ. ಕೊಟ್ಟೆ. ಜೊತೆಗೆ ಒಂದು ಚೀಟಿ ಬರೆದು ಕೊಟ್ಟಿದ್ದೀನಿ, ಸೈಗಾನ್ ಕಡೆ ರೇಟ್ ಜಾಸ್ತಿ ಆಯ್ತು ಅನ್ನೋಕೆ "ಮಕ್ ಕ್ವಾ" ಅಂತಾರೆ, ಉತ್ತರದಲ್ಲಿ ಅದೇ ಮಾತಿಗೆ "ದಾತ್ ಕ್ವಾ", ತಪ್ಪು ಹೇಳ್ಬೇಡ, ಎಂಟು ಗಂಟೆಗೆ ಮೊದಲು ಹೋದ್ರೆ ಏನಾದ್ರೂ ತಗೊಳ್ಳದೆ ಬರಬೇಡ ಅಂತ.