ಮಾಳಿಗೆಯ ಬಿಸಿಲಿನಲ್ಲಿ ಟೊಮೆಟೊ ಪೇಸ್ಟ್

2023ರ ಜುಲೈನಲ್ಲಿ ಟೊಮೆಟೊ ದರ ಕಿಲೋಗೆ 100 ರೂಪಾಯಿ ದಾಟಿದಾಗ, ಧಾರವಾಡದ ಸಂತೆಯಲ್ಲಿ ಜನರು ಪಾವು ಕಿಲೋ ತೂಗಿಸಿಕೊಂಡು ಹೋಗುವುದನ್ನು ನೋಡಿದೆ. ನಾನೂ ಹಾಗೆಯೇ ತಂದೆ. ಅಗ್ಗದ ದಿನಗಳಲ್ಲಿ ಹಣ್ಣನ್ನು ಪೇಸ್ಟ್ ಮಾಡಿ ಇಟ್ಟುಕೊಳ್ಳಬೇಕೆಂಬ ವಿಚಾರ ಅಂದೇ ಹುಟ್ಟಿತು. ಮುಂದಿನ ಫೆಬ್ರುವರಿಯಿಂದ ಪ್ರತಿ ಬೇಸಿಗೆ ಇದನ್ನು ಮನೆಯಲ್ಲಿಯೇ ಮಾಡುತ್ತಿದ್ದೇನೆ.

ಮೊದಲ ವರ್ಷದ್ದು ಬಹುಪಾಲು ಹಾಳಾಯಿತು. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಅಲ್ಯುಮಿನಿಯಂ ಪಾತೇಲಿಯಲ್ಲಿ ಹುಳಿ ಹಣ್ಣನ್ನು ನಾಲ್ಕು ತಾಸು ಕುದಿಸಿದ್ದರಿಂದ ಪೇಸ್ಟಿಗೆ ಲೋಹದ ಒಗರು ಬಂದಿತು. ಪಾತೇಲಿಯ ಒಳಮೈ ರಸ ನಿಂತಿದ್ದ ಗೆರೆಯವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಹೊಳಪು ಬಂದಿತೆಂದು ಮನೆಯವರು ಸಂತೋಷಪಟ್ಟರು, ಆದರೆ ಹುಳಿಯು ಪಾತ್ರೆಯನ್ನು ತಿಂದದ್ದೇ ಆ ಹೊಳಪು. ಉಳಿದದ್ದನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ ಕಪಾಟಿನಲ್ಲಿ ಇಟ್ಟಿದ್ದೆ. ಮೂರನೆಯ ವಾರ ಒಂದರ ಮುಚ್ಚಳ ಉಬ್ಬಿತು, ಇನ್ನೊಂದರ ಬಾಯಿಯಲ್ಲಿ ಬಿಳಿ ಬೂಷ್ಟು ಕಟ್ಟಿತ್ತು. ಎಲ್ಲವನ್ನೂ ರುಚಿ ನೋಡದೆ ಚೆಲ್ಲಿದೆ.

ಈಗ ಹಣ್ಣಿನ ಆಯ್ಕೆಯಿಂದಲೇ ಎಚ್ಚರ ವಹಿಸುತ್ತೇನೆ. ಸಾರಿಗೆ ಜವಾರಿ ಟೊಮೆಟೊಗೆ ಸಮನಾದುದಿಲ್ಲ, ಆದರೆ ಅದರಲ್ಲಿ ಬೀಜವೂ ನೀರೂ ಹೆಚ್ಚು. ಪೇಸ್ಟಿಗೆ ಉದ್ದನೆಯ, ದಪ್ಪ ತಿರುಳಿನ ಹೈಬ್ರಿಡ್ ಹಣ್ಣೇ ಸರಿ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ನೆರೆಮನೆಯವರ ಪಾಲುಗಾರಿಕೆಯಲ್ಲಿ ಒಂದು ಕ್ರೇಟ್ ತಂದು, ಎರಡು ದಿನ ಗೋಣಿತಾಟಿನ ಮೇಲೆ ಹರಡಿ, ತೊಟ್ಟಿನ ಸುತ್ತಲಿನ ಹಸಿರು ಕೆಂಪಾಗುವವರೆಗೆ ಕಾಯುತ್ತೇನೆ. ಬೂಷ್ಟು ಹಿಡಿದ ಹಣ್ಣಿನ ಕೆಟ್ಟ ಭಾಗವನ್ನಷ್ಟೇ ಕೊಯ್ದು ಉಳಿದದ್ದನ್ನು ಹಾಕುವ ಉಳಿತಾಯ ಇಲ್ಲಿ ಸಲ್ಲದು, ಏಕೆಂದರೆ ಬೂಷ್ಟು ಹಣ್ಣಿನ ಹುಳಿಯನ್ನು ತಗ್ಗಿಸುತ್ತದೆ, ಪೇಸ್ಟನ್ನು ಕಾಯುವುದಾದರೋ ಆ ಹುಳಿಯೇ.

ಒಂದು ಸಲಕ್ಕೆ 10 ಕಿಲೋ ಮಾತ್ರ ಮಾಡುತ್ತೇನೆ. ಹಣ್ಣೆಲ್ಲವನ್ನೂ ಮೊದಲೇ ಹೆಚ್ಚಿ ಗುಡ್ಡೆ ಹಾಕಿಕೊಳ್ಳುವುದಿಲ್ಲ. ಹೆಚ್ಚಿದ ಕೂಡಲೇ ಹಣ್ಣಿನೊಳಗಿನ ಕಿಣ್ವಗಳು ರಸವನ್ನು ಮಂದವಾಗಿಡುವ ಪೆಕ್ಟಿನ್ನನ್ನು ಒಡೆಯಲು ತೊಡಗುತ್ತವೆ, ಪೆಕ್ಟಿನ್ ಒಡೆದ ಮೇಲೆ ರಸ ತೆಳುವಾಗಿ ನೀರು ಬೇರೆ, ತಿರುಳು ಬೇರೆಯಾಗುತ್ತದೆ. ಬೇಗನೆ 85 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಆ ಕಿಣ್ವಗಳು ಸೋಲುತ್ತವೆ. ಆದ್ದರಿಂದ ದಪ್ಪ ತಳದ ಅಗಲವಾದ ಸ್ಟೀಲ್ ಬೋಗುಣಿಯಲ್ಲಿ ಮೊದಲು ಒಂದು ಕಿಲೋದಷ್ಟು ಹಣ್ಣನ್ನು ಕಿವುಚಿ ಕುದಿ ಬರಿಸಿ, ಆ ಕುದಿ ನಿಲ್ಲದಂತೆ ಉಳಿದ ಹಣ್ಣನ್ನು ಹೆಚ್ಚುತ್ತ ಹಿಡಿಹಿಡಿಯಾಗಿ ಸೇರಿಸುತ್ತ ಹೋಗುತ್ತೇನೆ. ಮೆತ್ತಗಾದ ಮೇಲೆ ಸ್ಟೀಲ್ ಜರಡಿಯಲ್ಲಿ ತಿಕ್ಕಿ ಸಿಪ್ಪೆ, ಬೀಜ ತೆಗೆಯುತ್ತೇನೆ. ಮಿಕ್ಸರಿಗೆ ಹಾಕಿದರೆ ಕೆಲಸ ಬೇಗ ಮುಗಿಯುವುದು ನಿಜ, ಆದರೆ ಬೀಜ ಒಡೆದು ಕಹಿ ಬಿಡುತ್ತದೆ.

ಇಲ್ಲಿಂದ ಮುಂದಿನ ಕೆಲಸವೆಲ್ಲ ನೀರು ತೆಗೆಯುವುದು. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರೇ ಇದೆ. ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಪೇಸ್ಟ್ ಎನ್ನಿಸಿಕೊಳ್ಳಲು ಕರಗಿದ ಘನಾಂಶ ಕನಿಷ್ಠ ಶೇಕಡಾ 24 ಇರಬೇಕು, ಅದಕ್ಕಿಂತ ತೆಳುವಾದದ್ದು ಪ್ಯೂರಿ. ಒಂದು ಲೀಟರ್ ನೀರನ್ನು ಕುದಿಗೆ ತರಲು ಬೇಕಾದ ಶಾಖಕ್ಕಿಂತ ಅದನ್ನು ಪೂರ್ತಿ ಆವಿ ಮಾಡಲು ಏಳು ಪಟ್ಟು ಶಾಖ ಬೇಕಾಗುತ್ತದೆ. ಇಷ್ಟು ಹಣ್ಣಿನಿಂದ ಹೋಗಬೇಕಾದ ಏಳು ಲೀಟರ್ ನೀರನ್ನು ಗ್ಯಾಸಿನ ಮೇಲೆಯೇ ಇಂಗಿಸಿದರೆ ಅರ್ಧ ಕಿಲೋಗೂ ಹೆಚ್ಚು ಗ್ಯಾಸ್ ಉರಿದುಹೋಗುತ್ತದೆ, ಅಗ್ಗದ ಹಣ್ಣು ತಂದ ಲಾಭ ಅಲ್ಲಿಯೇ ಕರಗುತ್ತದೆ.

ಆದ್ದರಿಂದ ಜರಡಿ ಹಿಡಿದ ರಸವನ್ನು ತಣಿಸಿ, ಚಕ್ಕಾ ಕಟ್ಟುವ ಬಟ್ಟೆಯಲ್ಲಿ ಮೂರು ತಾಸು ತೂಗುಹಾಕುತ್ತೇನೆ. ಎರಡು ಮೂರು ಲೀಟರ್ ತಿಳಿಹಳದಿ ನೀರು ಇಳಿಯುತ್ತದೆ. ಅದರೊಂದಿಗೆ ಒಂದಷ್ಟು ಸಿಹಿಯೂ ಹುಳಿಯೂ ಹೋಗುವುದರಿಂದ ಚೆಲ್ಲುವುದಿಲ್ಲ. ಅಂದಿನ ಸಾರು ಅದರಲ್ಲಿಯೇ ಆಗುತ್ತದೆ, ಹುಣಸೆಹಣ್ಣು ಬೇಕಾಗುವುದಿಲ್ಲ. ಬಟ್ಟೆಯಲ್ಲಿ ಉಳಿದದ್ದನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಮೊದಲು ಕೊತಕೊತ ಎನ್ನುವ ಕುದಿ ಬರಬರುತ್ತ ನಿಧಾನವಾಗಿ, ದಪ್ಪ ಗುಳ್ಳೆಗಳು ಬುಳಕ್ ಬುಳಕ್ ಎಂದು ಒಡೆಯತೊಡಗಿದವೆಂದರೆ, ಅದು ಸಿಡಿಯುವ ಹೊತ್ತು. ಸಿಡಿದ ಹನಿ ಅಂಟಿಕೊಂಡೇ ಸುಡುತ್ತದೆ. ನನ್ನ ಎಡಮುಂಗೈ ಮೇಲೆ ಶೇಂಗಾ ಕಾಳಿನಷ್ಟು ಕಲೆ ಇನ್ನೂ ಇದೆ. ತೋಳಿಗೆ ಟವೆಲ್ ಸುತ್ತಿಕೊಂಡು, ತಳ ಹಿಡಿಯದಂತೆ ಸಟ್ಟುಗದಿಂದ ಕೆದಕುತ್ತಿರಬೇಕು. ಸಟ್ಟುಗ ಎಳೆದ ದಾರಿಯಲ್ಲಿ ತಳ ಕಂಡು, ಮತ್ತೆ ಮೆಲ್ಲಗೆ ಮುಚ್ಚಿಕೊಳ್ಳುವ ಹದಕ್ಕೆ ಬಂದಾಗ ಒಲೆ ಆರಿಸುತ್ತೇನೆ.

ಉಳಿದದ್ದು ಮಾಳಿಗೆಯ ಕೆಲಸ. ಇದು ನನ್ನ ಕಲ್ಪನೆಯಲ್ಲ. ಇಟಲಿಯ ಸಿಸಿಲಿಯಲ್ಲಿ ಟೊಮೆಟೊ ರಸವನ್ನು ಮರದ ಹಲಗೆಗಳ ಮೇಲೆ ಹರಡಿ, ಬಿಸಿಲಿನಲ್ಲಿ ಒಣಗಿಸಿ, ಸ್ತ್ರಾತ್ತು ಎಂಬ ಗಟ್ಟಿ ಪೇಸ್ಟ್ ಮಾಡುವ ರೂಢಿ ಇದೆ. ಬ್ಯಾಡಗಿ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಎಲ್ಲವನ್ನೂ ಒಣಗಿಸುವ ನಮ್ಮ ಬಿಸಿಲಿಗೆ ಇದೇನು ಹೊಸದಲ್ಲ. ಕಿಲೋಗೆ ಎರಡು ಚಮಚದಂತೆ ಉಪ್ಪು ಬೆರೆಸಿ, ಸ್ಟೀಲ್ ಪರಾತಗಳಲ್ಲಿ ಬೆರಳ ದಪ್ಪಕ್ಕೂ ಕಡಿಮೆ ಹರಡಿ, ನೊಣ ಮುಟ್ಟದಂತೆ ಮೇಲೆ ತೆಳು ಬಟ್ಟೆಯನ್ನು ಬಿಗಿಯಾಗಿ ಕಟ್ಟುತ್ತೇನೆ. ತಾಸಿಗೊಮ್ಮೆ ಕೆದಕಿ ಮತ್ತೆ ಹರಡದಿದ್ದರೆ ಮೇಲೆ ತೊಗಲು ಕಟ್ಟಿ ಒಳಗಿನ ನೀರು ಹಾಗೆಯೇ ಉಳಿಯುತ್ತದೆ. ಸಂಜೆ ಒಳಗೆ ತಂದು, ಮರುದಿನ ಮತ್ತೆ ಇಡಬೇಕು. ಮಾರ್ಚ್ ತಿಂಗಳಲ್ಲಿ ಧಾರವಾಡದಲ್ಲಿ ಎರಡು ದಿನ ಹಿಡಿಯುತ್ತದೆ. ಗದಗಿನ ತಂಗಿಯ ಮನೆಯಲ್ಲಿ ಒಂದೂವರೆ ದಿನಕ್ಕೇ ಆಯಿತು. ಅಡ್ಡಮಳೆಯ ಮೋಡ ಕಟ್ಟುವ ಏಪ್ರಿಲ್ ಕೊನೆಗೆ ಮಾತ್ರ ಕೈಹಾಕಬಾರದು. ಒಮ್ಮೆ ಹಾಗೆ ಮಾಡಿ, ಎರಡನೆಯ ದಿನ ಪರಾತದಿಂದ ಹಳಸಿದ ಹಿಟ್ಟಿನ ವಾಸನೆ ಬಂದು ಎಲ್ಲವನ್ನೂ ಕಳೆದುಕೊಂಡೆ. ಒಣಗಿದ ಮೇಲೆ ಬಣ್ಣ ಇಟ್ಟಿಗೆಗೆಂಪಿಗೆ ತಿರುಗುತ್ತದೆ, ಉಂಡೆ ಕಟ್ಟಿದರೆ ನಿಲ್ಲುತ್ತದೆ. ಬಯಲಿನಲ್ಲಿ ಇಟ್ಟಿದ್ದ ಕಾರಣ ಇನ್ನೊಮ್ಮೆ ಒಲೆಯ ಮೇಲೆ ಚೆನ್ನಾಗಿ ಬಿಸಿಯಾಗುವವರೆಗೆ ಕೈಯಾಡಿಸುತ್ತೇನೆ. ತೂಗಿದರೆ ಒಂದೂವರೆ ಕಿಲೋ ಆಸುಪಾಸು.

ಕಪಾಟಿನಲ್ಲಿ ಬಾಟಲಿ ಇಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಅಪಾಯಕಾರಿ ಬಾಟ್ಯುಲಿಸಂ ಜೀವಾಣು ಬೆಳೆಯದಿರಲು ಆಮ್ಲತೆಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿರಬೇಕು, ಟೊಮೆಟೊ ಆ ಗೆರೆಯ ಆಚೀಚೆಯೇ ಇರುವ ಹಣ್ಣು, ಕೆಲವು ತಳಿಗಳು, ಅತಿಯಾಗಿ ಕಳಿತ ಹಣ್ಣುಗಳು ಗೆರೆಯನ್ನು ದಾಟುತ್ತವೆ. ಲಿಂಬಿರಸವನ್ನೋ ಸಿಟ್ರಿಕ್ ಆಮ್ಲವನ್ನೋ ಅಳತೆಯಂತೆ ಸೇರಿಸಿ, ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಮುಳುಗಿಸಿಡುವ ಕ್ರಮ ಇದೆ. ಆದರೆ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಧಾರವಾಡದಲ್ಲಿ ನೀರು 98 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಗಟ್ಟಿ ಪೇಸ್ಟಿನ ನಡುವಿಗೆ ಶಾಖ ತಲುಪುವುದೂ ತಡ. ಮನೆಯಲ್ಲಿ ಅಳೆಯಲಾಗದ ವಿಷಯದಲ್ಲಿ ಅಂದಾಜಿನ ಮೇಲೆ ಮಕ್ಕಳಿಗೆ ಉಣಬಡಿಸುವ ಧೈರ್ಯ ನನಗಿಲ್ಲ.

ಫ್ರೀಜರ್ ಇರುವಾಗ ಆ ತೊಡಕೂ ಬೇಡ. ಐಸ್ ಟ್ರೇಯ ಪ್ರತಿ ಕುಳಿಗೆ 30 ಗ್ರಾಂ ತುಂಬಿ, ಗಟ್ಟಿಯಾದ ಮೇಲೆ ತುಂಡುಗಳನ್ನು ಬಿಡಿಸಿ, ಗಾಳಿ ಒತ್ತಿ ತೆಗೆದ ಚೀಲದಲ್ಲಿ ತಾರೀಖು ಬರೆದು ಇಡುತ್ತೇನೆ. ಲೆಕ್ಕಕ್ಕೆ ಒಂದು ತುಂಡೆಂದರೆ 200 ಗ್ರಾಂ ಹಣ್ಣು. ಪ್ಲಾಸ್ಟಿಕ್ ಟ್ರೇಗೆ ಹಿಡಿಯುವ ಕೆಂಪು ಸೋಪಿಗೆ ಬಗ್ಗುವುದಿಲ್ಲ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಮೊದಲು ಎಣ್ಣೆ ಸವರಿ ಒರೆಸಿ ಆಮೇಲೆ ತೊಳೆದರೆ ಬಹಳಷ್ಟು ಹೋಗುತ್ತದೆ. ವಾರದ ಬಳಕೆಗೆ ಚಿಕ್ಕ ಗಾಜಿನ ಜಾಡಿಯೊಂದು ಫ್ರಿಜ್ಜಿನಲ್ಲಿ ಇರುತ್ತದೆ. ಪ್ರತಿ ಸಲ ಒಣ ಚಮಚದಲ್ಲಿ ತೆಗೆದು, ಮೇಲ್ಮೈ ಸಮ ಮಾಡಿ, ಕುಸುಬಿ ಎಣ್ಣೆಯ ಪದರು ಹಾಕುತ್ತೇನೆ. ಬೆಳ್ಳುಳ್ಳಿ ಹಾಕಿ ಇಡಿರೆಂದು ಕೆಲವರು ಹೇಳಿದರು. ಹುಳಿಯಿಲ್ಲದ ಹಸಿ ಬೆಳ್ಳುಳ್ಳಿ ಎಣ್ಣೆಯಡಿ ಗಾಳಿಯಿಲ್ಲದೆ ಕೂರುವುದು ಒಳ್ಳೆಯದಲ್ಲವಾದ್ದರಿಂದ ಅದನ್ನು ಒಗ್ಗರಣೆಗೇ ಬಿಟ್ಟಿದ್ದೇನೆ.

ಬಳಸುವಾಗ ತುಂಡನ್ನು ನೇರವಾಗಿ ಸಾರಿಗೆ ಹಾಕದೆ, ಒಗ್ಗರಣೆಯ ಎಣ್ಣೆಯಲ್ಲಿ ಒಂದು ನಿಮಿಷ ಹುರಿಯಬೇಕು. ಹಸಿ ವಾಸನೆ ಹೋಗಿ ಎಣ್ಣೆಗೇ ಬಣ್ಣ ಇಳಿಯುತ್ತದೆ. ಬದನೆಕಾಯಿ ಎಣ್ಣೆಗಾಯಿಗೆ ಎರಡು ತುಂಡು ಸಾಕು. ಉಪ್ಪು ಮಾತ್ರ ಕೊನೆಗೆ ನೋಡಿ ಹಾಕಬೇಕು, ಪೇಸ್ಟಿನಲ್ಲಿ ಮೊದಲೇ ಇದೆ.