ಗಲ್ಲಾದ ಚೀಟಿ ಹಿಡಿದು ಬಜೆಟ್ ಓದುವುದು ಹೇಗೆ

ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು ನಾನು. ಬಜೆಟ್ ದಿನ ಊರಿನ ಹುಡುಗರು ತಪ್ಪದೆ ಕೇಳುತ್ತಾರೆ: "ಅಣ್ಣ, ನೋಟು ಸರಕಾರದ್ದೇ ಅಲ್ವಾ, ಮತ್ತೆ ಸಾಲ ಯಾಕೆ?" ಅವರಿಗೆ ಹೇಳಿಕೊಡುವ ಕ್ರಮ ಇದು.

ಮೊದಲು ಹತ್ತರ ನೋಟು ತೆಗೆಯಿರಿ. ಅದರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ, ಜೊತೆಗೆ 'ಕೊಡುತ್ತೇನೆ' ಎಂಬ ಮಾತು ಇದೆ. ಒಂದು ರೂಪಾಯಿ ನೋಟು ಸಿಕ್ಕರೆ ಅದನ್ನೂ ನೋಡಿ. ಅದಕ್ಕೆ ಹಣಕಾಸು ಕಾರ್ಯದರ್ಶಿಯ ಸಹಿ, ಆ ಮಾತು ಇಲ್ಲ. ಅಂದರೆ ಸರಕಾರದ್ದೇ ನೋಟು ಆ ಒಂದು ರೂಪಾಯಿಯದು ಮಾತ್ರ, ಉಳಿದವು ರಿಸರ್ವ್ ಬ್ಯಾಂಕಿನವು.

ಆಮೇಲೆ ನಮ್ಮ ಚೀಟಿಯ ಕಥೆ. ಚಿಲ್ಲರೆ ಇಲ್ಲದಾಗ ಐದು ರೂಪಾಯಿಗೆ ಹಳದಿ ರಟ್ಟು ಕೊಡುತ್ತಿದ್ದೆವು. ಮೇಲೆ ಹೋಟೆಲಿನ ಸೀಲು, ಮೂಲೆಯಲ್ಲಿ ನನ್ನ ಸಣ್ಣ ಸಹಿ. ಪಕ್ಕದ ಹೂವಿನವರೂ ಅದನ್ನು ತೆಗೆದುಕೊಳ್ಳುತ್ತಿದ್ದರು, ಯಾಕೆಂದರೆ ಸಂಜೆ ಅದನ್ನೇ ಕೊಟ್ಟು ಚಹಾ ಕುಡಿಯಬಹುದಿತ್ತು. ರಟ್ಟಿಗೆ ಬೆಲೆ ಬಂದದ್ದು ನಾವು ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದುದರಿಂದ. ರೂಪಾಯಿಗೂ ಹಾಗೇ: ಸರಕಾರ ತೆರಿಗೆಯನ್ನು ಅದರಲ್ಲೇ ತೆಗೆದುಕೊಳ್ಳುತ್ತದೆ. 1971ರಲ್ಲಿ ಅಮೆರಿಕ ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ ಮೇಲೂ ಜಗತ್ತಿನ ನೋಟು ನಡೆಯುತ್ತಲೇ ಇದೆ.

ಒಂದು ಚೌತಿಯ ವಾರ ಚೀಟಿ ಜಾಸ್ತಿ ಹಂಚಿಬಿಟ್ಟೆ. ಮರುದಿನ ಎಲ್ಲರೂ ಒಟ್ಟಿಗೆ ಬಂದರು, ಎಂಟು ಗಂಟೆಗೇ ಇಡ್ಲಿ ಖಾಲಿ. ಅಡುಗೆಮನೆಯಲ್ಲಿ ಇದ್ದಷ್ಟೇ ಇಡ್ಲಿ, ಚೀಟಿ ಎಷ್ಟಿದ್ದರೇನು? ಬೆಲೆ ಏರುವುದೂ ಹೀಗೆಯೇ. ಹಿಂದೆ ಸರಕಾರ ಅಡ್‌ಹಾಕ್ ಟ್ರೆಜರಿ ಬಿಲ್ ಎಂಬ ಸಾಲದ ಚೀಟಿ ಬರೆದುಕೊಟ್ಟು ರಿಸರ್ವ್ ಬ್ಯಾಂಕಿನಿಂದ ನೇರ ಹಣ ಪಡೆಯುತ್ತಿತ್ತು. 1997ರಲ್ಲಿ ಆ ದಾರಿ ಮುಚ್ಚಿತು. ಈಗ ಉಳಿದ ಮುಖ್ಯ ದಾರಿಗಳು ತೆರಿಗೆ, ಸಾಲ, ಖರ್ಚು ಕಡಿತ.

ಈಗ ಕೇಂದ್ರ ಬಜೆಟ್ಟಿನ ಸಾರಾಂಶದ ಪುಸ್ತಕ 'ಬಜೆಟ್ ಅಟ್ ಎ ಗ್ಲಾನ್ಸ್' ತೆರೆಯಿರಿ. 2025-26ರ ಬಜೆಟ್‌ನಲ್ಲಿ ರೂಪಾಯಿಗೆ 24 ಪೈಸೆ ಸಾಲದಿಂದ ಬಂತು, 20 ಪೈಸೆ ಬಡ್ಡಿಗೆ ಹೋಯಿತು. ಇದನ್ನು ನೋಡಿ ಹೆದರಿ ಪುಸ್ತಕ ಮುಚ್ಚಬೇಡಿ. ಆ ಬಜೆಟ್ಟಿನಲ್ಲಿ ವಿತ್ತೀಯ ಕೊರತೆ, ಅಂದರೆ ಸಾಲ ಮಾಡಿ ತುಂಬಬೇಕಾದ ಒಟ್ಟು ಕೊರತೆ, ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ) ಶೇ. 4.4. ಅದರೊಳಗೆ ರೆವಿನ್ಯೂ ಕೊರತೆ, ಅಂದರೆ ದಿನನಿತ್ಯದ ಖರ್ಚಿಗೇ ಆದಾಯ ಸಾಲದೆ ಬಿದ್ದ ಕೊರತೆ, ಶೇ. 1.5. ಗ್ರೈಂಡರಿಗೆ ಸಾಲ ಮಾಡಿದರೆ ಅದು ದುಡಿದು ಕೊಡುತ್ತದೆ, ಗ್ಯಾಸಿನ ಬಿಲ್ಲಿಗೆ ಮಾಡಿದರೆ ಇಲ್ಲ. ಆ 1.5 ಗ್ಯಾಸಿನ ಬಿಲ್ಲು. ನಾನು ಮೊದಲು ನೋಡುವುದು ಅದನ್ನೇ.

ಆದರೆ ಕೊರತೆ ಅಂದರೆ ಯಾವಾಗಲೂ ತಪ್ಪು ಅಂತಲ್ಲ. ಕೊರೊನಾದ 2020-21ರಲ್ಲಿ ವಿತ್ತೀಯ ಕೊರತೆ ಜಿಡಿಪಿಯ ಶೇ. 9 ದಾಟಿತು. ನಮ್ಮ ಷಟರ್ ಮುಚ್ಚಿತ್ತು, ಹುಡುಗರು ಊರಿಗೆ ಹೋಗಿದ್ದರು. ಎಲ್ಲರೂ ಕೈ ಬಿಗಿ ಹಿಡಿದ ಹೊತ್ತಿನಲ್ಲಿ ಸರಕಾರವೂ ಹಿಡಿದರೆ ಗಿರಾಕಿ ಎಲ್ಲಿಂದ ಬರಬೇಕು?

ಹಿಂದಿನ ವರ್ಷದ ಕಾಲಂ ಪಕ್ಕದಲ್ಲೇ ಇರುತ್ತದೆ. ಗ್ಯಾಸಿನ ಬಿಲ್ಲು ಇಳಿಯಿತೋ ಏರಿತೋ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.