ಮಾಷ್ಟ್ರ ಮಗನ ಐಪ್ಯಾಡಿನಲ್ಲಿ ವೇಷವೇ ಕಾಣಲಿಲ್ಲ

2021ರ ಆಟಿ ತಿಂಗಳು. ಪೆರ್ಲದ ಹತ್ತಿರದ ಒಂದು ಹವ್ಯಾಸಿ ಯಕ್ಷಗಾನ ಸಂಘಕ್ಕೆ ವೆಬ್‌ಸೈಟು ಮಾಡಿಕೊಟ್ಟಿದ್ದೆ. ಮಳೆಗಾಲದಲ್ಲಿ ಆಟ ಇಲ್ಲ, ಹಾಗಾಗಿ ಸಂಘದವರಿಗೂ ಕೂತು ಫೋಟೋ ಹುಡುಕಿ ಕೊಡಲಿಕ್ಕೆ ಪುರುಸೊತ್ತು. ಕಾರ್ಯದರ್ಶಿ ನಿವೃತ್ತ ಅಧ್ಯಾಪಕರು, ನಮಗೆಲ್ಲ ಮಾಷ್ಟ್ರು. ಸೈಟು ತೆರೆದ ಮರುದಿನ ಬೆಳಿಗ್ಗೆ ಏಳಕ್ಕೇ ಅವರ ಫೋನು.

"ಎಂತ ಮಾರಾಯ, ಮಗ ಬಹರೈನಿನಲ್ಲಿ ನೋಡಿದನಂತೆ. ಬರಹ ಉಂಟು, ಒಂದೇ ಒಂದು ವೇಷ ಕಾಣುವುದಿಲ್ಲವಂತೆ."

ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆ, ಸರಿ ಇದೆ. ಫೋನಿನಲ್ಲಿ ನೋಡಿದೆ, ಅಲ್ಲೂ ಸರಿ. "ಕ್ಯಾಶ್ ಕ್ಲಿಯರ್ ಮಾಡಲಿಕ್ಕೆ ಹೇಳಿ ಮಾಷ್ಟ್ರೇ" ಎಂದೆ. ಏನೂ ಗೊತ್ತಾಗದಿದ್ದಾಗ ನಮ್ಮ ಕಸುಬಿನವರು ಹೇಳುವ ಮಾತು ಅದೇ ಅಲ್ವಾ. ಆಗಲಿಲ್ಲ. "ಕ್ರೋಮ್ ಹಾಕಿ ನೋಡಲಿ" ಎಂದೆ. ಹಾಕಿದರಂತೆ. ಆಗಲೂ ಖಾಲಿ ಚೌಕಗಳೇ.

ಮಧ್ಯಾಹ್ನದ ಹೊತ್ತಿಗೆ ವಿಷಯ ತಿಳಿಯಿತು. ಅವರ ಕೈಯಲ್ಲಿದ್ದದ್ದು ಮೊದಲನೇ ಐಪ್ಯಾಡ್ ಏರ್. ಅದು ಐಓಎಸ್ 12ಕ್ಕೆ ನಿಂತುಹೋದ ಯಂತ್ರ. ನಾನು ಹಾಕಿದ್ದ ಚಿತ್ರಗಳೆಲ್ಲ ವೆಬ್‌ಪಿ ಎಂಬ ಫೈಲು ಮಾದರಿಯವು. ಐಓಎಸ್‌ನ ಸಫಾರಿಗೆ ವೆಬ್‌ಪಿ ಅರ್ಥವಾಗಲು ಶುರುವಾದದ್ದು 14ರಿಂದ, ಅಂದರೆ 2020ರ ಸೆಪ್ಟೆಂಬರಿನಿಂದ. ಕ್ರೋಮ್ ಹಾಕಿದರೂ ಯಾಕೆ ಬರಲಿಲ್ಲ? ಆಗ ಐಫೋನ್, ಐಪ್ಯಾಡಿನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗಿನ ಎಂಜಿನ್ ಸಫಾರಿಯದ್ದೇ, ವೆಬ್‌ಕಿಟ್. ಮುಖವರ್ಣಿಕೆ ಬೇರೆ, ಒಳಗಿನ ಮನುಷ್ಯ ಅವನೇ. ಇದು ನನಗೆ ಗೊತ್ತಿತ್ತು. ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ವೆಬ್‌ಪಿ ಹಾಕಲು ಕಾರಣ ಇತ್ತು. ನಮ್ಮ ಕಡೆ ಅಡಿಕೆ ತೋಟಕ್ಕೆ ಇಳಿದರೆ ರೇಂಜ್ ಇರುವುದಿಲ್ಲ. ಗುಡ್ಡೆ ಹತ್ತಿದರೆ ಒಂದು ಕಡ್ಡಿ ಬರುತ್ತದೆ. ಅಂಥಲ್ಲಿ ನಲ್ವತ್ತು ಫೋಟೋದ ಪುಟ ತೆರೆಯಬೇಕು. ವೆಬ್‌ಪಿ ಅಂದರೆ 2010ರಲ್ಲಿ ಗೂಗಲ್ ಹೊರತಂದ ಮಾದರಿ. ಜೆಪಿಜಿಗಿಂತ ಸಣ್ಣ ಫೈಲು, ಚಿತ್ರ ಹೆಚ್ಚುಕಡಿಮೆ ಅದೇ. ಆ ಜುಲೈಯಲ್ಲೇ, ನಾನು ಸೈಟು ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ 5.8 ಆವೃತ್ತಿ ಬಂದು, ವೆಬ್‌ಪಿಯನ್ನು ನೇರವಾಗಿ ಅಪ್‌ಲೋಡ್ ಮಾಡುವ ಅನುಕೂಲವಾಗಿತ್ತು. ಅದೇ ಹುರುಪಿನಲ್ಲಿ, ಫೋಟೋ ತಿದ್ದುವ ಗಿಂಪ್‌ನಿಂದ ಎಲ್ಲವನ್ನೂ ವೆಬ್‌ಪಿಗೆ ತೆಗೆದೆ. ಗಿಂಪ್ ಯಾಕೆಂದರೆ ನಾನು ಕಲಿತದ್ದು ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯಲ್ಲಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರಿನಲ್ಲಿ ಲಿನಕ್ಸ್, ಪಾಠದಲ್ಲಿ ಗಿಂಪ್ ಮತ್ತು ಇಂಕ್‌ಸ್ಕೇಪ್. ಅಭ್ಯಾಸ ಬಿಡಲಿಲ್ಲ.

ಸಾಫ್ಟ್‌ವೇರ್ ನಮ್ಮನ್ನು ಮೋಸ ಮಾಡುವುದು ಇಲ್ಲೇ. ಗಿಂಪ್‌ನ ಕಿಟಕಿಯಲ್ಲಿ ಚಿತ್ರ ಚಂದ ಕಾಣುತ್ತದೆ, ವರ್ಡ್‌ಪ್ರೆಸ್‌ನ ಮೀಡಿಯಾ ಪುಟದಲ್ಲೂ ಕಾಣುತ್ತದೆ. "ಇದು ಹಳೆ ಬ್ರೌಸರಿಗೆ ಬರುವುದಿಲ್ಲ" ಎಂದು ಯಾವುದೂ ಹೇಳುವುದಿಲ್ಲ. ನಾನು ವೆಬ್‌ಪಿ ಹಾಕಿದರೆ ವರ್ಡ್‌ಪ್ರೆಸ್ ಮಾಡುವ ಸಣ್ಣ ಪ್ರತಿಗಳೂ ವೆಬ್‌ಪಿಯೇ. ಪಕ್ಕಕ್ಕೊಂದು ಜೆಪಿಜಿ ಇಟ್ಟುಕೊಳ್ಳುವುದಿಲ್ಲ.

ಪರಿಹಾರ ಹೊಸದಲ್ಲ, ಪುಟದ ಎಚ್‌ಟಿಎಂಎಲ್‌ನಲ್ಲಿ ಬರೆಯುವ ಪಿಕ್ಚರ್ ಟ್ಯಾಗ್. ಒಳಗೆ ಒಂದೊಂದು ಮಾದರಿಗೆ ಒಂದೊಂದು ಸೋರ್ಸ್ ಸಾಲು, ಕೊನೆಗೆ ಮಾಮೂಲಿ ಇಮೇಜ್ ಟ್ಯಾಗಿನಲ್ಲಿ ಜೆಪಿಜಿ. ಸೋರ್ಸ್ ಸಾಲಿನಲ್ಲಿ ಟೈಪ್ ಬರೆದಿರಬೇಕು. ಬ್ರೌಸರ್ ಮೇಲಿನಿಂದ ಓದುತ್ತಾ ಬಂದು, ತನಗೆ ಗೊತ್ತಿರುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ಯಾವುದೂ ಗೊತ್ತಿಲ್ಲದಿದ್ದರೆ ಕೊನೆಯ ಜೆಪಿಜಿ ಹೇಗೂ ಇದೆ. ಥೀಮಿನಲ್ಲಿ ಇದನ್ನು ಕೂರಿಸಲು ಒಂದು ರಾತ್ರಿ ಹೋಯಿತು. ಮುಖಪುಟದ ದೊಡ್ಡ ಚಿತ್ರ ಮಾತ್ರ ಸಿಎಸ್‌ಎಸ್ ಹಿನ್ನೆಲೆಯಲ್ಲಿತ್ತು, ಅಲ್ಲಿ ಪಿಕ್ಚರ್ ಟ್ಯಾಗ್ ನಡೆಯುವುದಿಲ್ಲ. ಅದನ್ನು ಸುಮ್ನೆ ಜೆಪಿಜಿಯಾಗಿ ಬಿಟ್ಟೆ. ಮರುದಿನ ಮಾಷ್ಟ್ರ ಫೋನು: "ಕಂಡಿತಂತೆ." ಅಷ್ಟೇ, ಇಟ್ಟುಬಿಟ್ಟರು.

ಆದರೆ ಕಂಡದ್ದರಲ್ಲೂ ಒಂದು ಸಂಗತಿ ಕಾಡುತ್ತಿತ್ತು. ಆಟದ ನೋಟೀಸುಗಳ ಪುಟ. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ. ನನ್ನ ಲ್ಯಾಪ್‌ಟಾಪಿನ ವೆಬ್‌ಪಿಯಲ್ಲಿ ಒತ್ತಕ್ಷರಗಳು ಕಲಸಿಹೋಗಿದ್ದವು. 'ಕ್ಷ'ದ ಒಳಗಿನ ಸಣ್ಣ ಸುಳಿ ಮುಚ್ಚಿಹೋಗಿತ್ತು. ಐಪ್ಯಾಡಿಗೆ ಹೋಗುತ್ತಿದ್ದ ಜೆಪಿಜಿಯಲ್ಲಿ ಅದೇ ಅಕ್ಷರ ಸ್ಪಷ್ಟ. ಹಳೆಯ ಯಂತ್ರಕ್ಕೆ ಒಳ್ಳೆಯ ಚಿತ್ರ, ಹೊಸದಕ್ಕೆ ಕೆಟ್ಟದ್ದು!

ಗುಣಮಟ್ಟದ ಅಂಕಿಯನ್ನು 80ರಿಂದ 95ಕ್ಕೆ ಏರಿಸಿದೆ. ಫೈಲು ದಪ್ಪವಾಯಿತು, ಕಲೆ ಹೋಗಲಿಲ್ಲ. ಕಾರಣ ಬೇರೆಯೇ ಇತ್ತು. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ. ಅದನ್ನೇ ನಂಬಿಕೊಂಡು ಈ ಚಿತ್ರ ಮಾದರಿಗಳು ಬಣ್ಣದ ಮಾಹಿತಿಯನ್ನು ಕಡಿಮೆ ಮಾಡಿ ಇಡುತ್ತವೆ. ಜೆಪಿಜಿಯಲ್ಲಿ ಇದು ನಮ್ಮ ಆಯ್ಕೆ. ಗಿಂಪ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಸಬ್‌ಸ್ಯಾಂಪ್ಲಿಂಗ್ ಎಂಬ ಜಾಗದಲ್ಲಿ 4:4:4 ಇಟ್ಟರೆ ಬಣ್ಣ ಪೂರ್ತಿ ಉಳಿಯುತ್ತದೆ. ಆದರೆ ಮಾಮೂಲಿ ವೆಬ್‌ಪಿಯಲ್ಲಿ, ಅಂದರೆ ಸ್ವಲ್ಪ ಮಾಹಿತಿ ಬಿಟ್ಟು ಫೈಲು ಸಣ್ಣ ಮಾಡುವ ಲಾಸಿ ವೆಬ್‌ಪಿಯಲ್ಲಿ, 4:2:0 ಒಂದೇ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಕಪ್ಪಿನ ಮೇಲೆ ಶುದ್ಧ ಕೆಂಪು ಬಂದಾಗ ಅಂಚಿಗೆ ಬೆಳಕಿನ ಆಸರೆಯೂ ಕಡಿಮೆ, ಹಾಗಾಗಿ ಅಲ್ಲೇ ಜಾಸ್ತಿ ಕಲಸುತ್ತದೆ. ಯಕ್ಷಗಾನದಲ್ಲಿ ಇರುವುದೇ ಕೆಂಪು, ಕಪ್ಪು, ಬಂಗಾರದ ಬಣ್ಣ. ಬೆಟ್ಟದ ಫೋಟೋ ಹಾಕಿದ್ದರೆ ಇದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ನೋಟೀಸುಗಳನ್ನು, ಏನನ್ನೂ ಬಿಡದೆ ಉಳಿಸುವ ಲಾಸ್‌ಲೆಸ್ ವೆಬ್‌ಪಿಗೆ ಬದಲಿಸಿದೆ. ಅದರಲ್ಲಿ ಬಣ್ಣಕ್ಕೆ ಕತ್ತರಿ ಇಲ್ಲ. ಅಕ್ಷರ, ಚಪ್ಪಟೆ ಬಣ್ಣ ಇರುವ ಚಿತ್ರಕ್ಕೆ ಅದು ಸಣ್ಣದೇ ಆಗುತ್ತದೆ, ಪಿಎನ್‌ಜಿಗಿಂತಲೂ. ವೇಷದ ಫೋಟೋಗಳಿಗೆ ಲಾಸಿಯನ್ನೇ ಉಳಿಸಿ, ಬಣ್ಣದ ಅಂಚನ್ನು ಜಾಸ್ತಿ ಜೋಪಾನ ಮಾಡುವ ಶಾರ್ಪ್ ವೈಯುವಿ ಎಂಬ ಆಯ್ಕೆ ಹಾಕಿದೆ. ವೇಷದ ಅಂಗಿ, ಆ ಕೆಂಪು ದಗಲೆಯ ಅಂಚು ಪೂರ್ತಿ ಅಲ್ಲದಿದ್ದರೂ ಸುಮಾರು ಸರಿಯಾಯಿತು.

ಇನ್ನೊಂದು ತಪ್ಪು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಂಘದ ಲಾಂಛನ ಡಿಟಿಪಿ ಅಂಗಡಿಯಿಂದ ಬಂದದ್ದು, ಹೆಸರನ್ನು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟಿನಲ್ಲಿ, ಟೈಪ್ ಮಾಡಿದ್ದರು. ನಾನು ಅದನ್ನು ಎಸ್‌ವಿಜಿ ಮಾಡಿ ಏರಿಸಿದೆ. ಎಸ್‌ವಿಜಿ ಗೆರೆಗಳ ಚಿತ್ರ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ, ಹಗುರ. ಕಾಞಂಗಾಡಿನ ಒಬ್ಬ ಗೆಳೆಯ ಸ್ಕ್ರೀನ್‌ಶಾಟ್ ಕಳಿಸಿದ. ಸಂಘದ ಹೆಸರಿನ ಜಾಗದಲ್ಲಿ ತಲೆಗೆ ಗೆರೆ ಎಳೆದ ಇಂಗ್ಲಿಷ್ 'ಎ'ಗಳು, ನಡುನಡುವೆ 'ಪಿ'. "ಇದು ತುಳು ಲಿಪಿಯಾ?" ಎಂದು ಕೇಳಿದ್ದ. ನನ್ನ ಯಂತ್ರದಲ್ಲಿ ನುಡಿ ಇತ್ತು, ಹಾಗಾಗಿ ನನಗೆ ಸರಿ ಕಂಡಿತ್ತು. ಇಮೇಜ್ ಟ್ಯಾಗಿನಲ್ಲಿ ಹಾಕಿದ ಎಸ್‌ವಿಜಿ ಹೊರಗಿನ ಫಾಂಟನ್ನು ತರಿಸಿಕೊಳ್ಳುವುದಿಲ್ಲ. ಪುಟದಲ್ಲಿ ವೆಬ್‌ಫಾಂಟ್ ಇದ್ದರೂ ಅಷ್ಟೇ. ಇಂಕ್‌ಸ್ಕೇಪಿನಲ್ಲಿ ಅಕ್ಷರ ಆರಿಸಿ 'ಆಬ್ಜೆಕ್ಟ್ ಟು ಪಾತ್' ಒತ್ತಿ, ಅಕ್ಷರವನ್ನೇ ಗೆರೆಯಾಗಿಸಿದೆ. ಅರ್ಧ ನಿಮಿಷದ ಕೆಲಸ. ಯೂನಿಕೋಡ್ ಫಾಂಟ್ ಇದ್ದರೂ ಈಗ ಹೀಗೇ ಮಾಡುತ್ತೇನೆ.

2023ರಲ್ಲಿ ಎವಿಐಎಫ್ ಎಂಬ ಇನ್ನೂ ಹೊಸ ಚಿತ್ರ ಮಾದರಿಯ ಕಡೆ ಕೈ ಹಾಕಿದೆ. ಕ್ರೋಮ್‌ಗೆ 2020ರಲ್ಲಿ, ಫೈರ್‌ಫಾಕ್ಸ್‌ಗೆ 2021ರಲ್ಲಿ, ಐಓಎಸ್‌ಗೆ 16ನೇ ಆವೃತ್ತಿಯಲ್ಲಿ ಬಂದಿತ್ತು. ಎಡ್ಜ್‌ಗೆ ಮಾತ್ರ 2024ರ ಜನವರಿಯವರೆಗೆ ಇರಲಿಲ್ಲ. ಒಳಗೆ ಕ್ರೋಮ್‌ನದ್ದೇ ಎಂಜಿನ್ ಆದರೂ! ಫೈಲುಗಳು ನಂಬಲಾಗದಷ್ಟು ಸಣ್ಣ. ಮೊದಲ ವಾರ ಪಿಕ್ಚರ್ ಟ್ಯಾಗಿನಲ್ಲಿ ವೆಬ್‌ಪಿ ಸಾಲನ್ನು ಮೇಲೆ, ಎವಿಐಎಫ್ ಸಾಲನ್ನು ಕೆಳಗೆ ಬರೆದಿದ್ದೆ. ವೆಬ್‌ಪಿ ಸಿಕ್ಕಿದ ಮೇಲೆ ಕೆಳಗೆ ಯಾರು ನೋಡುತ್ತಾರೆ? ಎವಿಐಎಫ್ ಯಾರಿಗೂ ಹೋಗಿರಲಿಲ್ಲ.

ಸಾಲು ಸರಿ ಮಾಡಿದ ಮೇಲೆ ಮಾಷ್ಟ್ರೇ ಕಂಡುಹಿಡಿದರು. "ಬಣ್ಣದ ವೇಷದ ಚಿಟ್ಟಿ ಎಲ್ಲಿ ಹೋಯಿತು? ಮುಖಕ್ಕೆ ಸುಣ್ಣ ಬಳಿದ ಹಾಗೆ ಉಂಟು." ನಿಜ. ಚಿಟ್ಟಿ ಅಂದರೆ ರಾಕ್ಷಸ ಪಾತ್ರಗಳ ಮುಖಕ್ಕೆ ಅಕ್ಕಿ ಹಿಟ್ಟಿನಿಂದ ಇಡುವ ಬಿಳಿ ಚುಕ್ಕೆಗಳು. ಎವಿಐಎಫ್ ಕಡಿಮೆ ಅಂಕಿಯಲ್ಲಿ ಚೌಕ ಚೌಕವಾಗಿ ಒಡೆಯುವುದಿಲ್ಲ, ನಯವಾಗಿ ಒರೆಸಿಬಿಡುತ್ತದೆ. ರಾತ್ರಿ ಆಟದ ಫೋಟೋದಲ್ಲಿ ಕಾಳು ಕಾಳು ಇರುತ್ತದೆ, ಅದರ ಜೊತೆ ಚಿಟ್ಟಿಯ ಚುಕ್ಕೆಯನ್ನೂ ಒರೆಸಿತ್ತು. ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಒಂದೊಂದಾಗಿ ಇಟ್ಟ ಚಿಟ್ಟಿ ಅದು. ಅಂಕಿ ಏರಿಸಿದೆ. ಈಗ ಉಳಿತಾಯ ಮೊದಲಿನಷ್ಟಿಲ್ಲ, ಪರವಾಗಿಲ್ಲ.

ಐಫೋನಿನವರು ಕಳಿಸುವ ಎಚ್‌ಇಐಸಿ ಫೈಲುಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅದನ್ನು ಕ್ರೋಮ್ ತೋರಿಸುವುದಿಲ್ಲ, ಜೆಪಿಜಿ ಮಾಡಿಯೇ ಹಾಕಬೇಕು. ಆಗ ಬಣ್ಣವನ್ನು ಹೇಗೆ ತೋರಿಸಬೇಕೆಂದು ಫೈಲಿನಲ್ಲಿ ಬರೆದಿರುವ ಕಲರ್ ಪ್ರೊಫೈಲ್ ಕಿತ್ತುಹಾಕಬೇಡಿ, ಕಿತ್ತರೆ ಕೆಂಪು ಮಂಕಾಗುತ್ತದೆ. ಜೆಪೆಗ್ ಎಕ್ಸ್‌ಎಲ್ ಎಂಬ ಇನ್ನೊಂದು ಮಾದರಿಯನ್ನು ಸಫಾರಿ 17ರಲ್ಲಿ ಸೇರಿಸಿದರು. ಪ್ರಯೋಗಕ್ಕೆಂದು ಇದ್ದದ್ದನ್ನು ಕ್ರೋಮ್ 110ರಲ್ಲಿ ತೆಗೆದಿದ್ದರು. ನಾನು ಮುಟ್ಟಲಿಲ್ಲ.

ಕಳೆದ ರಜೆಯಲ್ಲಿ ಮಾಷ್ಟ್ರ ಮಗ ಊರಿಗೆ ಬಂದಾಗ ಹೊಸ ಐಪ್ಯಾಡ್ ತಂದಿದ್ದರು. "ಇದು ನಿಮಗೇ ಆಗಬೇಕು" ಎಂದು ಹಳೆಯದನ್ನು ನನ್ನ ಕೈಗಿಟ್ಟರು. ಬ್ಯಾಟರಿ ಅರ್ಧ ಗಂಟೆ ನಿಲ್ಲುವುದಿಲ್ಲ, ಹಾಗಾಗಿ ಮೇಜಿನ ಮೇಲೆ ಚಾರ್ಜರಿಗೆ ಕಟ್ಟಿಯೇ ಇಟ್ಟಿದ್ದೇನೆ. ಯಾವ ಸೈಟು ಮುಗಿಸಿದರೂ ಮೊದಲು ಅದರಲ್ಲಿ ತೆರೆದು ನೋಡುತ್ತೇನೆ.